ಮ್ಯಾಕ್ಸೆಂಟ್‌ನಲ್ಲಿ ಪದರಗಳ ಅಳತೆ ಹೊಂದದಿದ್ದಾಗ: ನನ್ನ ಅನುಭವ

ಬೆಂಗಳೂರಿನ ಸುತ್ತ ಕಾಡುಪಾಪ ಎಲ್ಲೆಲ್ಲಿ ನೆಲೆಸಬಹುದೆಂದು ತಿಳಿಯಲು ಜೀವಿಗಳ ನೆಲೆಯನ್ನು ಅಂದಾಜಿಸುವ ತಂತ್ರಾಂಶ ಮ್ಯಾಕ್ಸೆಂಟ್‌ಗೆ, ವರ್ಲ್ಡ್‌ಕ್ಲಿಮ್ ದತ್ತಸಂಗ್ರಹದ ಹವಾಮಾನ, ಎತ್ತರ ಮತ್ತು ಭೂಬಳಕೆಯ ಪದರಗಳನ್ನು (ಚೌಕಗಳಾಗಿ ಹಂಚಿದ ನಕ್ಷೆಗಳನ್ನು) ಕೊಟ್ಟಿದ್ದೆ. ರನ್ ಒತ್ತಿದೊಡನೆ, ಪದರಗಳ ಭೌಗೋಳಿಕ ಅಳತೆ ಬೇರೆಬೇರೆ ಎಂದು ಹೇಳಿ ನಿಂತುಬಿಡುತ್ತಿತ್ತು.

ಮ್ಯಾಕ್ಸೆಂಟ್ ಓಡಲು ಬೇಕಾದ ಜಾವಾ ಮರುಸ್ಥಾಪಿಸಿದೆ, ಪ್ರಯೋಜನವಿಲ್ಲ. ಒಂದೇ ಗಡಿಯಿಂದ ಎಲ್ಲವನ್ನೂ ಕತ್ತರಿಸಿದೆ, ಅದೇ ದೋಷ. ಪದರಗಳ ಆಸ್ಕಿ (ಸರಳ ಪಠ್ಯರೂಪದ) ಕಡತದ ತಲೆಸಾಲುಗಳನ್ನು ಕೈಯಿಂದ ತಿದ್ದಿದಾಗ ಓಡಿತು, ಆದರೆ ನಕ್ಷೆಯಲ್ಲಿ ಕೆರೆಗಳು ಪಕ್ಕಕ್ಕೆ ಸರಿದಿದ್ದವು. ಇದನ್ನು ಖಂಡಿತ ಮಾಡಬೇಡಿ.

ಕಡತಗಳನ್ನು ನೋಟ್‌ಪ್ಯಾಡ್‌ನಲ್ಲಿ ಅಕ್ಕಪಕ್ಕ ತೆರೆದಾಗ ಕಾರಣ ಕಂಡಿತು: ಎಡ ಅಂಚಿನ ರೇಖಾಂಶ ಒಂದರಲ್ಲಿ 77, ಇನ್ನೊಂದರಲ್ಲಿ 76.9986.

ಪರಿಹಾರ ಇದು: ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಪ್ರತಿ ಮೂಲ ಪದರಕ್ಕೂ ‘ವಾರ್ಪ್’ (ಪದರವನ್ನು ಹೊಸ ಚೌಕಜಾಲಕ್ಕೆ ಹೊಂದಿಸುವ ಸಾಧನ) ನಡೆಸಿ. ಪ್ರೊಜೆಕ್ಷನ್ ಇಪಿಎಸ್‌ಜಿ 4326 (ಅಕ್ಷಾಂಶ-ರೇಖಾಂಶದ ವ್ಯವಸ್ಥೆ), ರೆಸಲ್ಯೂಷನ್ (ಒಂದು ಚೌಕದ ಅಗಲ, ಡಿಗ್ರಿಯಲ್ಲಿ) 0.008333333333, ನೋಡೇಟಾ (ಮಾಹಿತಿಯಿಲ್ಲದ ಚೌಕದ ಗುರುತು) -9999. ವ್ಯಾಪ್ತಿಯನ್ನು ಟೈಪ್ ಮಾಡಿಯೇ ಕೊಡಿ: ಪೂರ್ವ ರೇಖಾಂಶ 77ರಿಂದ 78, ಉತ್ತರ ಅಕ್ಷಾಂಶ 12.5ರಿಂದ 13.5. ಮರುಮಾದರಿ ವಿಧಾನ (ಹೊಸ ಚೌಕಗಳ ಬೆಲೆ ಲೆಕ್ಕಹಾಕುವ ಬಗೆ) ಹವಾಮಾನಕ್ಕೆ ಬೈಲೀನಿಯರ್, ಎತ್ತರಕ್ಕೆ ಆವರೇಜ್, ಭೂಬಳಕೆಗೆ ನಿಯರೆಸ್ಟ್ ಮಾತ್ರ. ಭೂಬಳಕೆಗೂ ಬೈಲೀನಿಯರ್ ಅಥವಾ ಆವರೇಜ್ ಕೊಟ್ಟರೆ ವರ್ಗಸಂಖ್ಯೆಗಳು ಬೆರೆತು ಇಲ್ಲದ ವರ್ಗಗಳು ಹುಟ್ಟುತ್ತವೆ. ಮೊದಲು ಟಿಫ್ ಆಗಿ ಉಳಿಸಿ, ಆಮೇಲೆ ‘ಟ್ರಾನ್ಸ್‌ಲೇಟ್’ನಿಂದ ಆಸ್ಕಿಗೆ ಬದಲಿಸಿ.

ಪ್ರತಿ ಕಡತದಲ್ಲೂ 120 ಕಂಬಸಾಲು, 120 ಅಡ್ಡಸಾಲು ಇರಬೇಕು. ಮ್ಯಾಕ್ಸೆಂಟ್‌ನಲ್ಲಿ ಭೂಬಳಕೆಯನ್ನು ‘ಕೆಟಗರಿಕಲ್’ (ವರ್ಗಗಳ ಪದರ) ಎಂದು ಬದಲಿಸಿದ ನಂತರವೇ ರನ್ ಒತ್ತಿ.