ಚೇರ್‌ಲಿಫ್ಟ್ ಕ್ಯೂ ಸೇರುವ ಮುಂಚೆ ಇ-ಬೈಕಿನ ಬ್ಯಾಟರಿ ಕಳಚಿ

ಫ್ರಾನ್ಸಿನ ಆಲ್ಪ್ಸ್‌ನ ಮೊರ್ಜಿನ್, ಶಾಟೆಲ್ ಕಡೆ ಇ-ಮೌಂಟನ್ ಬೈಕ್ (ಬ್ಯಾಟರಿ, ಮೋಟಾರ್ ಇರುವ ಬೆಟ್ಟದ ಸೈಕಲ್) ಓಡಿಸೋರು ಗಮನಿಸಿ: ಚೇರ್‌ಲಿಫ್ಟ್ (ಕೇಬಲ್‌ಗೆ ತೂಗುಬಿದ್ದು ಬೆಟ್ಟ ಹತ್ತಿಸುವ ಕುರ್ಚಿ) ಕ್ಯೂಗೆ ನಿಲ್ಲುವ ಮುಂಚೆಯೇ ಸಿಸ್ಟಮ್ ಆಫ್ ಮಾಡಿ, ಬ್ಯಾಟರಿ ಕಳಚಿ ಬ್ಯಾಗಿಗೆ ಹಾಕಿಕೊಳ್ಳಿ. ಕುರ್ಚಿಯಲ್ಲಿ ಕೂರುವಾಗ ಆ ಬ್ಯಾಗು ಬೆನ್ನ ಮೇಲಲ್ಲ, ತೊಡೆಯ ಮೇಲಿರಲಿ. ಬಾಷ್ ಕಂಪನಿಯ 625 ವ್ಯಾಟ್-ಅವರ್ ಬ್ಯಾಟರಿ ಸುಮಾರು 3.5 ಕೆ.ಜಿ., 750ರದ್ದಾದರೆ 4 ಕೆ.ಜಿ.ಗೂ ಮೇಲೆ. 24 ಕೆ.ಜಿ. ಬೈಕು 20ಕ್ಕೆ ಇಳಿದರೆ ಚಲಿಸುವ ಕುರ್ಚಿಯ ಕೊಕ್ಕೆಗೆ ಸಿಕ್ಕಿಸೋದು ಎಷ್ಟೋ ಸಲೀಸು, ಇಳಿಸುವಾಗಲಂತೂ ಇನ್ನೂ. ಕೊಕ್ಕೆಗೆ ಮುಂದಿನ ಚಕ್ರ ಹಾಕುವ ಕಡೆ ಇಡೀ ಬೈಕ್ ಎತ್ತಬೇಡಿ: ಹಿಂಬ್ರೇಕ್ ಹಿಡಿದು ಹಿಂದಿನ ಚಕ್ರದ ಮೇಲೆ ನೆಟ್ಟಗೆ ನಿಲ್ಲಿಸಿ, ಅರ್ಧ ಭಾರ ನೆಲವೇ ಹೊರುತ್ತೆ. ಸಿಬ್ಬಂದಿ ತಾವೇ ಹಾಕ್ತೀವಿ ಅಂದರೆ ಬಿಟ್ಟುಬಿಡಿ, ಅವರ ಕೈ ಪಳಗಿರುತ್ತೆ. ಬ್ಯಾಟರಿಯ ಪಿನ್‌ಗಳಿಗೆ ಅದರದೇ ರಬ್ಬರ್ ಮುಚ್ಚಳ ಹಾಕಿ. ಬ್ಯಾಗಿನಲ್ಲಿ ಬಿಡಿ ಕೀ, ಅಲೆನ್ ಕೀ ಜೊತೆಗೆ ಬೇಡವೇ ಬೇಡ, ಶಾರ್ಟ್ ಆದರೆ ಅಪಾಯ. ಮಳೆ ಬರುತ್ತಿದ್ದರೆ ಕಳಚಬೇಡಿ, ಖಾಲಿ ಜಾಗದೊಳಗೆ ನೀರು, ಕೆಸರು ಹೋಗಿ ಕನೆಕ್ಟರ್ ಕೆಡುತ್ತೆ. ಫ್ರೇಮ್‌ನೊಳಗೆ ಬೋಲ್ಟ್ ಹಾಕಿ ಕೂರಿಸಿದ ಬ್ಯಾಟರಿಗೂ ಈ ಉಪಾಯ ನಡೆಯಲ್ಲ. ಟೈರ್ ತೀರಾ ದಪ್ಪವಿದ್ದರೆ, ಉದ್ದ ಮಡ್‌ಗಾರ್ಡ್ ಇದ್ದರೆ ಕೆಲವು ಕೊಕ್ಕೆಗಳಿಗೆ ಚಕ್ರವೇ ಕೂರಲ್ಲ. ಅಂಥವರು ಗೊಂಡೋಲ (ಮುಚ್ಚಿದ ಕೇಬಲ್ ಕ್ಯಾಬಿನ್) ಇರುವ ದಾರಿ ನೋಡಿಕೊಳ್ಳಿ. ಮೇಲೆ ಹೋದಮೇಲೆ ಬ್ಯಾಟರಿ ಹಾಕಿದಾಗ ಕ್ಲಿಕ್ ಅನ್ನೋ ಸದ್ದು ಕೇಳಿಸಲೇಬೇಕು, ಒಮ್ಮೆ ಜಗ್ಗಿಯೂ ನೋಡಿ. ಅರೆಬರೆ ಕೂತ ಬ್ಯಾಟರಿ ಇಳಿಜಾರಿನ ಮೊದಲ ಕಲ್ಲಿಗೇ ಕಳಚಿ ಬೀಳುತ್ತೆ.