ಮೋಡೆಮ್ ಕರೆ ಬಂತೆಂದೇ ನಂಬುವ ಬಿಬಿಎಸ್: ನನ್ನ ಅನುಭವ

ನಿವೃತ್ತರಾದ ಸಹೋದ್ಯೋಗಿಯೊಬ್ಬರು ನನ್ನ ಕೈಗೊಪ್ಪಿಸಿದ, ರಿಮೋಟ್‌ಆಕ್ಸೆಸ್ ಎಂಬ ಹಳೆಯ ಡಾಸ್ ತಂತ್ರಾಂಶದ ಬಿಬಿಎಸ್ (ಬುಲೆಟಿನ್ ಬೋರ್ಡ್ ಸಿಸ್ಟಮ್: ದೂರವಾಣಿ ತಂತಿಯಲ್ಲಿ ಮೋಡೆಮ್ ಮೂಲಕ ಕರೆ ಮಾಡಿ ಸಂದೇಶ, ಕಡತ, ಆಟಗಳಿಗಾಗಿ ಸೇರುವ ಕಂಪ್ಯೂಟರ್ ತಾಣ), ಶಿಕಾಗೋ ಹೊರವಲಯದ ನನ್ನ ಮನೆಯ ನೆಲಮಾಳಿಗೆಯಲ್ಲಿ ಹದಿನಾಲ್ಕು ತಿಂಗಳಿಂದ ಓಡುತ್ತಿದೆ. 1978ರ ಫೆಬ್ರುವರಿಯಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ್‍ಯಾಂಡಿ ಸ್ಯೂಸ್ ಮೊದಲ ಬಿಬಿಎಸ್ ತೆರೆದದ್ದು ಇದೇ ಊರಿನಲ್ಲಿ. ಇಲ್ಲಿನ ಬೋರ್ಡೊಂದು ನನ್ನ ಕಾಲದಲ್ಲಿ ಮುಚ್ಚಬಾರದೆಂಬ ಹಟ ನನ್ನದಾಗಿತ್ತು. ಸಂದೇಶಗಳನ್ನು ಇಂದಿನ ಯಂತ್ರಗಳಲ್ಲಿ ಓಡುವ ಸಿಂಕ್ರೊನೆಟ್ ಎಂಬ ಬಿಬಿಎಸ್ ತಂತ್ರಾಂಶಕ್ಕೆ ಸಾಗಿಸಿ ಡಾಸ್ ಯಂತ್ರವನ್ನು ಕಳಚಿಡುವುದೇ ಸರಿಯೆಂದು ಪರಿಚಯದ ಸಿಸಾಪ್‌ಗಳೆಲ್ಲ (ಬಿಬಿಎಸ್ ನಡೆಸುವವರು) ಹೇಳಿದರು. ಹಾಗೆ ಮಾಡಿದರೆ ಸಂದೇಶಗಳು ಉಳಿದಾವು, ಬೋರ್ಡ್ ಉಳಿಯದು. ಆದ್ದರಿಂದ ಬೋರ್ಡನ್ನು ಮುಟ್ಟದೆ, ಅದಕ್ಕೆ ಬರುವ ದಾರಿಯನ್ನು ಮಾತ್ರ ಬದಲಿಸಲು ನಿರ್ಧರಿಸಿದೆ.

ಮೊದಲ ಸೋಲು ದುಬಾರಿಯಾಯಿತು. ತಾಮ್ರದ ದೂರವಾಣಿ ತಂತಿಯ ಬಾಡಿಗೆ ತಿಂಗಳಿಗೆ ಎಪ್ಪತ್ತು ಡಾಲರ್ ಮುಟ್ಟಿದಾಗ ಅದನ್ನು ಬಿಟ್ಟು, ಇಂಟರ್ನೆಟ್ ದೂರವಾಣಿಯ ಅಡಾಪ್ಟರುಗಳನ್ನು ಒಂದಾದ ಮೇಲೊಂದರಂತೆ ಮೂರು ಕೊಂಡೆ. ಸುಮಾರು ಇನ್ನೂರು ಡಾಲರ್ ಹೋಯಿತು. ಮಾತು ಸ್ಪಷ್ಟವಾಗಿ ಕೇಳುತ್ತಿತ್ತು, ಆದರೆ ಸೆಕೆಂಡಿಗೆ 28,800 ಬಿಟ್ ವೇಗದಲ್ಲಿ ಕೂಡಿಕೊಂಡ ಮೋಡೆಮ್‌ಗಳು ಎರಡು ನಿಮಿಷದೊಳಗೆ ಕಡಿದುಕೊಳ್ಳುತ್ತಿದ್ದವು. ಧ್ವನಿಯನ್ನು ಹೆಚ್ಚು ಹಿಂಡದೆ ಅಂಕಿಗಳಾಗಿಸುವ ಜಿ.711 ಕೋಡೆಕ್ ಒಂದನ್ನೇ ಉಳಿಸಿ, ಪ್ರತಿಧ್ವನಿ ನಿವಾರಣೆಯನ್ನು ನಿಲ್ಲಿಸಿ, ಹಿಂದುಮುಂದಾಗಿ ಬರುವ ಧ್ವನಿ ತುಣುಕುಗಳನ್ನು ಸರಿಹೊಂದಿಸುವ ಜಿಟರ್ ಬಫರನ್ನು ಸ್ಥಿರಗೊಳಿಸಿ, ಕೊರಿಯರ್ ಮೋಡೆಮ್‌ಗೆ ಎಟಿ&ಎನ್6 ಆಜ್ಞೆ ಕೊಟ್ಟು ವೇಗವನ್ನು 9600ಕ್ಕೆ ಕಟ್ಟಿಹಾಕಿದ ಮೇಲೆ ಝಡ್‌ಮೋಡೆಮ್ ಕಡತ ವರ್ಗಾವಣೆಗಳೂ ಕೊನೆಮುಟ್ಟತೊಡಗಿದವು. ಬಫರಿಗೆ ಎಷ್ಟು ಮಿಲಿಸೆಕೆಂಡ್ ಕೊಟ್ಟೆನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಆ ಒಂದು ಅಂಕಿಗೆ ನನ್ನ ಮೂರು ವಾರಗಳು ಸಂದಿವೆ.

ಇಂಟರ್ನೆಟ್ ಮೂಲಕ ಬರುವ ಟೆಲ್ನೆಟ್ ಕರೆಗಳಿಗಾಗಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ, ಬೋರ್ಡಿಗೆ ಮೋಡೆಮ್‌ನಂತೆ ನಟಿಸುವ ಟಿಸಿಪಿಸರ್ ತಂತ್ರಾಂಶ ಕೂರಿಸಿ, ಎರಡು ಯಂತ್ರಗಳನ್ನು ನೇರ ಕೂಡಿಸುವ ನಲ್-ಮೋಡೆಮ್ ಕೇಬಲ್ ಮೂಲಕ ಬೋರ್ಡ್ ಓಡುವ ಹಳೆಯ 486 ಯಂತ್ರಕ್ಕೆ ಜೋಡಿಸಿದೆ. ನಾನು ಕೊಂಡ ಅಗ್ಗದ ಕೇಬಲಿನಲ್ಲಿ ಮೂರೇ ತಂತಿಗಳಿದ್ದುದರಿಂದ, ಕರೆದವರು ಸಂಪರ್ಕ ಕಡಿದುಕೊಂಡರೂ ಕ್ಯಾರಿಯರ್ (ಸಂಪರ್ಕವಿದೆಯೆಂಬ ಸಂಕೇತ) ಬಿದ್ದದ್ದು ಬೋರ್ಡಿಗೆ ತಿಳಿಯದೆ, ಮುಂದೆ ಬಂದವರು ಹಿಂದಿನವರ ಖಾತೆಯೊಳಗೇ ಇಳಿಯುತ್ತಿದ್ದರು. ಒಬ್ಬರ ಖಾಸಗಿ ಪತ್ರವನ್ನು ಇನ್ನೊಬ್ಬರು ಓದಿದ ರಾತ್ರಿ ಬೋರ್ಡನ್ನು ನಿಲ್ಲಿಸಿ, ಪೈ ಸಿದ್ಧವಿದೆಯೆಂದು ಹೇಳುವ ಡಿಟಿಆರ್ ತಂತಿಯನ್ನು, ಬೋರ್ಡ್ ಕ್ಯಾರಿಯರನ್ನು ನೋಡುವ ಡಿಸಿಡಿಗೆ ಸೇರಿಸಿ ಹೊಸ ಕೇಬಲನ್ನು ನಾನೇ ಬೆಸುಗೆ ಹಾಕಿದೆ.

ಎರಡನೆಯ ನೋಡ್ (ಒಮ್ಮೆಗೆ ಒಬ್ಬ ಕರೆಗಾರರಿಗೆ ಸಿಗುವ ಜಾಗ), ಇಂದಿನ ಯಂತ್ರದಲ್ಲಿ ಡಾಸ್ ತಂತ್ರಾಂಶಗಳನ್ನು ಓಡಿಸುವ ಡಾಸ್ಎಮು2ರಲ್ಲಿದೆ. ಅಲ್ಲಿ ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಹಳೆಯ ಡೋರ್ ಆಟಗಳು (ಬಿಬಿಎಸ್ ಒಳಗಿಂದಲೇ ಆಡುವಂಥವು) ರನ್‌ಟೈಮ್ ಎರರ್ 200 ತೋರಿಸಿ ಬಿದ್ದುಹೋದವು. ಯಂತ್ರದ ವೇಗವನ್ನಳೆಯುವ ಅವುಗಳ ಆರಂಭದ ಲೆಕ್ಕ ಇಂದಿನ ಪ್ರೊಸೆಸರುಗಳ ಮೇಲೆ ಹದಿನಾರು ಬಿಟ್‌ಗಳನ್ನು ಮೀರುತ್ತದೆ. ಏನನ್ನೂ ಮುಟ್ಟಬಾರದೆಂಬ ನನ್ನ ನಿಯಮವನ್ನು ಇಲ್ಲಿ ಮುರಿದು, ಆಟಗಳಿಗೆ ಪ್ಯಾಚ್ ಹಾಕಲೇಬೇಕಾಯಿತು. ಅದಕ್ಕಿಂತ ದೊಡ್ಡ ಕಾಟ ಟೆಲ್ನೆಟ್‌ನ ಬಾಗಿಲಾದ 23ನೇ ಪೋರ್ಟ್ ತಡಕುವ ಬಾಟ್‌ಗಳದು (ತಾವಾಗಿಯೇ ಓಡುವ ತಂತ್ರಾಂಶಗಳು). ದಿನಕ್ಕೆ ಆರೇಳು ನೂರು ಸಲ ಬಂದು ನೋಡನ್ನು ಹಿಡಿದು ಕೂರುತ್ತಿದ್ದವುಗಳಿಂದಾಗಿ ನಿಜವಾದ ಬಳಕೆದಾರರಿಗೆ ಜಾಗವೇ ಸಿಗುತ್ತಿರಲಿಲ್ಲ. ಈಗ ಬೋರ್ಡಿಗೆ ಗಂಟೆ ಬಾರಿಸುವ ಮೊದಲು ಪೈ ತಾನೇ ಒಂದು ಕೀಲಿ ಒತ್ತಲು ಕೇಳುತ್ತದೆ. ಯಾವ ಕೀಲಿಯೆಂಬುದು ಅಕ್ಷರ, ಬಣ್ಣಗಳಿಂದ ಬಿಡಿಸಿದ ಎಎನ್ಎಸ್ಐ ಚಿತ್ರವೊಂದರಲ್ಲಿ ಅಡಗಿದೆ. ಬಾಟ್ ದಾಟಿದ್ದನ್ನು ಇದುವರೆಗೆ ಕಂಡಿಲ್ಲ.

ನಡುವೆ ಕನ್ನಡ ಲಿಪಿಯನ್ನೂ ತರಲು ಹೋಗಿ ಒಂದು ಬೇಸಿಗೆ ಕಳೆದೆ. ಡಾಸ್ ಪರದೆಯ ವಿಜಿಎ ಫಾಂಟಿನ 512 ಸ್ಥಾನಗಳಲ್ಲಿ ಅಕ್ಷರಗಳನ್ನು ಬಿಡಿಸಿ ನೋಡಿದೆ. ಬಿಡಿ ಅಕ್ಷರಗಳು ಒಗ್ಗಿದವು, ಆದರೆ ಎಂಟು ಚುಕ್ಕಿ ಅಗಲ, ಹದಿನಾರು ಚುಕ್ಕಿ ಎತ್ತರದ ಚೌಕಟ್ಟಿನಲ್ಲಿ ‘ಸ್ತ್ರೀ’ ಎಂಬ ಒಂದಕ್ಷರಕ್ಕೂ ಎಡೆಯಿರಲಿಲ್ಲ. ಎರಡೆರಡು ಮನೆ ಕೊಟ್ಟರೆ ಓದಬಹುದಾಗಿತ್ತಾದರೂ ಎಂಬತ್ತು ಕಾಲಮ್ಮಿನ ಮೆನುಗಳೆಲ್ಲ ಚದುರಿದವು. ಆ ಫಾಂಟ್ ಕಡತವನ್ನು ಜೋಪಾನವಾಗಿ ಇಟ್ಟಿದ್ದೇನೆ.

ಈಗ ತಿಂಗಳ ಖರ್ಚು, ವಿದ್ಯುತ್ತೂ ಸೇರಿ, ಹದಿನೈದು ಡಾಲರಿನ ಆಸುಪಾಸಿನಲ್ಲಿದೆ. ವಾರಕ್ಕೆ ನಲವತ್ತು ಕರೆಗಳು ಬರುತ್ತವೆ, ಅವುಗಳಲ್ಲಿ ಐದಾರು ನಿಜವಾದ ಮೋಡೆಮ್‌ಗಳಿಂದ. ಸಿಂಕ್ರೊನೆಟ್‌ಗೆ ಹೋಗೆಂದು ಒತ್ತಾಯಿಸಿದ್ದ ಸಿಸಾಪ್ ಒಬ್ಬರು ಕಳೆದ ತಿಂಗಳು ನನ್ನ ಕೇಬಲಿನ ಜೋಡಣಾ ಚಿತ್ರವನ್ನು ಕೇಳಿ ಪಡೆದರು. 486ರ ಹಾರ್ಡ್‌ಡಿಸ್ಕ್ ಇತ್ತೀಚೆಗೆ ಸದ್ದು ಮಾಡುತ್ತಿರುವುದರಿಂದ, ಮುಂದಿನ ಶನಿವಾರ ಅದನ್ನು ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡಿಗೆ ನಕಲಿಸಲಿದ್ದೇನೆ.