ಇಸವಿ ಬಾಯಿಪಾಠಕ್ಕೆ ಮೊದಲು ಒಂದಿಷ್ಟು ಮಣ್ಣು, ಒಂದು ಹಗ್ಗ
ಪ್ರಾಥಮಿಕ ಶಾಲೆಯ ಮಕ್ಕಳಿಗೆ ಮನೆಯಲ್ಲೇ ಇತಿಹಾಸ ಕಲಿಸುವ ಬಗೆ

ಎಂಟು ವರ್ಷದ ಮಗುವಿಗೆ ಐನೂರು ವರ್ಷ ಹಿಂದೆ ಎಂದರೂ ಅಷ್ಟೇ, ಐದು ಸಾವಿರ ವರ್ಷ ಹಿಂದೆ ಎಂದರೂ ಅಷ್ಟೇ. ಎರಡೂ ‘ತುಂಬಾ ಹಿಂದೆ’. ಹಾಗಾಗಿ ಮೊದಲು ಕಾಲದ ಉದ್ದ ಅದರ ಕಣ್ಣಿಗೆ ಕಾಣಬೇಕು.

ಹಗ್ಗ ಕಟ್ಟಿ

ಆರು ಮೀಟರ್ ಹಗ್ಗ, ಬಟ್ಟೆ ಕ್ಲಿಪ್ಪುಗಳು, ಚೀಟಿಗಳು, ಅಳತೆ ಟೇಪು ಸಾಕು. ಒಂದು ಸೆಂಟಿಮೀಟರಿಗೆ ಹತ್ತು ವರ್ಷ ಎಂದು ಲೆಕ್ಕ ಇಟ್ಟುಕೊಳ್ಳಿ. ಒಂದು ತುದಿಗೆ ‘ಇವತ್ತು’ ಎಂಬ ಚೀಟಿ. ಮಗುವಿನ ಇಡೀ ಆಯಸ್ಸು ಎಂಟು ಮಿಲಿಮೀಟರ್! ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ 1969 ಆರು ಸೆಂಟಿಮೀಟರಿನೊಳಗೇ ಬರುತ್ತದೆ. 1450ರ ಆಸುಪಾಸಿನ ಗುಟೆನ್‌ಬರ್ಗನ ಮುದ್ರಣಯಂತ್ರಕ್ಕೆ ಸುಮಾರು 57 ಸೆಂಟಿಮೀಟರ್ ಹೋಗಬೇಕು. ಕ್ರಿ.ಪೂ. 30ರಲ್ಲಿ ತೀರಿಕೊಂಡ ಈಜಿಪ್ಟಿನ ರಾಣಿ ಕ್ಲಿಯೋಪಾತ್ರಳಿಗೆ ಎರಡು ಮೀಟರ್ ದಾಟಬೇಕು. ಕ್ರಿ.ಪೂ. 2560ರ ಸುಮಾರಿನ ಗೀಜಾದ ಮಹಾ ಪಿರಮಿಡ್ಡಿಗಂತೂ ನಾಲ್ಕೂವರೆ ಮೀಟರ್ ಮೀರಿ ನಡೆಯಬೇಕು. ಈಗ ಟೇಪು ಮಗುವಿನ ಕೈಗೆ ಕೊಟ್ಟು ಕೇಳಿ: ಕ್ಲಿಯೋಪಾತ್ರ ನಮಗೆ ಹತ್ತಿರವೋ, ಪಿರಮಿಡ್ ಕಟ್ಟಿದವರಿಗೆ ಹತ್ತಿರವೋ? ಉತ್ತರ ಹೇಳಿಕೊಡಬೇಡಿ, ಅಳೆಯಲಿ. ಹಗ್ಗ ಬಿಚ್ಚಬೇಡಿ. ಮುಂದೆ ಓದಿದ್ದಕ್ಕೆಲ್ಲ ಅದರಲ್ಲೇ ಚೀಟಿ ಸಿಕ್ಕಿಸಿ.

ಮಣ್ಣಿನ ಮೇಲೆ ಲೆಕ್ಕ ಬರೆಸಿ

ಐದು ಸಾವಿರ ವರ್ಷಕ್ಕೂ ಹಿಂದೆ ಮೆಸೊಪೊಟೇಮಿಯದ (ಇಂದಿನ ಇರಾಕಿನ ಸುತ್ತಮುತ್ತಲ ನಾಡು) ಜನ ಹಸಿಮಣ್ಣಿನ ಹಲಗೆಗಳ ಮೇಲೆ ಬರೆಯತೊಡಗಿದರು. ಅವರು ಮೊದಲಿಗೆ ಬರೆದದ್ದು ಹೆಚ್ಚಾಗಿ ಧಾನ್ಯ, ದನಕರುಗಳ ಲೆಕ್ಕ. ಕತೆಗಳು ಆಮೇಲೆ ಬಂದವು. ಅಂಗೈಯಗಲದ ಮಣ್ಣಿನ ಹಲಗೆ ತಟ್ಟಿ, ಮಗುವಿನ ಆಟಿಕೆಗಳ ಲೆಕ್ಕವನ್ನು ಚಿತ್ರ ಬಿಡಿಸಿ ಬರೆಯಲು ಹೇಳಿ. ಕಡ್ಡಿ ಎಳೆದಲ್ಲೆಲ್ಲ ಮಣ್ಣು ಪಕ್ಕಕ್ಕೆ ಎದ್ದು ಗೆರೆ ಕೆಡುತ್ತದೆ. ಮಗು ಸಿಡಿಮಿಡಿಗೊಳ್ಳಲಿ, ಸ್ವಲ್ಪ ಹೊತ್ತು ಬಿಡಿ. ಆಮೇಲೆ ಚೌಕ ತುದಿಯ ಕಡ್ಡಿ ಕೊಟ್ಟು, ಮೂಲೆಯನ್ನು ಒತ್ತಿ ತೆಗೆಯಲು ಹೇಳಿ. ಚೊಕ್ಕವಾದ ಬೆಣೆಯ ಗುರುತು ಮೂಡುತ್ತದೆ. ಗೀಚಿದ ಚಿತ್ರಗಳಿಂದ ಒತ್ತಿ ಬರೆಯುವ ಕ್ಯೂನಿಫಾರ್ಮ್ ಲಿಪಿಯತ್ತ ಅಲ್ಲಿನ ಬರಹಗಾರರೂ ಹೀಗೆಯೇ ಸರಿದರು. ಶತಮಾನಗಳ ಆ ಬದಲಾವಣೆಗೆ ಒಂದು ಕಾರಣ ಮಗುವಿನ ಬೆರಳಿಗೇ ಸಿಕ್ಕಿತು. ಇಡೀ ಲೇಖನದಲ್ಲಿ ನಾನು ಒತ್ತಿ ಹೇಳುವ ಮಾತು ಇದೇ: ಕೈಕೆಲಸ ಒಂದು ‘ಏಕೆ’ಗೆ ಉತ್ತರ ಕೊಡಬೇಕು. ರಟ್ಟಿನ ಕೋಟೆ, ಬಣ್ಣದ ಕಿರೀಟ ಚೆಂದವೇ. ಆದರೆ ಅಂಟು, ಕತ್ತರಿಯ ಆಚೆ ಅದರಿಂದ ಏನೂ ಕಲಿಯಲಿಲ್ಲವೆಂದರೆ ಅದು ಚಿತ್ರಕಲೆಯ ಪಾಠವಾಯಿತು.

ಹಲಗೆ ನೆರಳಲ್ಲಿ ಒಣಗಲಿ. ಮನೆಯಲ್ಲಿ ಸುಡಲು ಹೋಗಬೇಡಿ. ಕ್ರಿ.ಪೂ. 612ರಲ್ಲಿ ಮೆಸೊಪೊಟೇಮಿಯದ ನಿನೆವೆ ನಗರ ಸುಟ್ಟುಹೋದಾಗ ಅರಮನೆಯ ಎಷ್ಟೋ ಹಲಗೆಗಳು ಬೆಂಕಿಯಲ್ಲಿ ಬೆಂದು ಗಟ್ಟಿಯಾದವು ಎಂದು ಹೇಳಿ, ಕಾಗದವಾಗಿದ್ದರೆ ಏನಾಗುತ್ತಿತ್ತು ಎಂದು ಕೇಳಿ.

ಡಬ್ಬಿಯೊಳಗೊಂದು ಉತ್ಖನನ

ಅಗಲವಾದ ಡಬ್ಬಿಯಲ್ಲಿ ಮೂರು ಪದರ ಹಾಕಿ: ಅಡಿಗೆ ಮಣ್ಣು, ನಡುವೆ ಮರಳು, ಮೇಲೆ ಮರದ ಹೊಟ್ಟು. ಪ್ರತಿ ಪದರದಲ್ಲೂ ಗುಂಡಿ, ಬೀಗದ ಕೈ, ನಾಣ್ಯ, ಅಂಚು ಉಜ್ಜಿ ನಯಮಾಡಿದ ಮಡಕೆ ಚೂರು ಹೂತಿಡಿ. ಮಗು ನೋಡಬಾರದು. ಮೇಲೆ ದಾರ ಕಟ್ಟಿ ಚೌಕಗಳನ್ನು ಮಾಡಿ. ಚಮಚ, ಬ್ರಷ್ ಅದರ ಕೈಗೆ ಕೊಡಿ.

ನಿಯಮ ಒಂದೇ. ವಸ್ತು ಕಂಡರೆ ಕಿತ್ತುಕೊಳ್ಳುವಂತಿಲ್ಲ. ಯಾವ ಚೌಕ, ಯಾವ ಪದರ ಎಂದು ಹಾಳೆಯಲ್ಲಿ ಗುರುತಿಸಿದ ಮೇಲೇ ಎತ್ತಬೇಕು. ಇಲ್ಲಿ ಅವಸರ ಸಲ್ಲದು, ಏಕೆಂದರೆ ಸಿಕ್ಕ ಜಾಗ ಗೊತ್ತಿಲ್ಲದ ವಸ್ತು ಅರ್ಧ ಮೂಕ. ಯಾವುದು ಹಳೆಯದು, ಯಾರು ಬಳಸಿರಬಹುದು, ಹೇಗೆ ಗೊತ್ತಾಯಿತು ಎಂದು ಕೇಳುತ್ತಾ ಹೋಗಿ. ಕೆಳಗಿನ ಪದರ ಹಳೆಯದು ಎಂದು ಮಗು ತಾನೇ ಹೇಳಿದ ಮೇಲೆ, ಇನ್ನೊಂದು ದಿನ ಮೇಲಿನಿಂದ ಗುಂಡಿ ತೋಡಿ ಹೊಸ ನಾಣ್ಯವನ್ನು ಅಡಿಯಲ್ಲಿಟ್ಟು ಮುಚ್ಚಿ. ಮರಳಿನೊಳಗೆ ಹೊಟ್ಟು ಇಳಿದ ಗುರುತನ್ನು ಅದು ಹಿಡಿದರೆ ಬೆನ್ನು ತಟ್ಟಿ. ನಿಜವಾದ ಪುರಾತತ್ವಜ್ಞರೂ ಇಂಥ ಗುರುತುಗಳನ್ನೇ ಹುಡುಕುತ್ತಾರೆ.

ಸೋಪಿನ ಮುದ್ರೆ

ಇದು ಒಂಬತ್ತು ದಾಟಿದವರಿಗೆ. ಸೋಪಿನ ತುಂಡಿನ ಮೇಲೆ ಮೊಂಡು ಕಡ್ಡಿಯಿಂದ ಹೆಸರಿನ ಮೊದಲ ಅಕ್ಷರ ಕೊರೆದು ಹಸಿಮಣ್ಣಿಗೆ ಒತ್ತಲಿ. ಅಕ್ಷರ ತಿರುಗುಮುರುಗಾಗಿ ಬರುತ್ತದೆ. ಎರಡನೆಯ ಸಲ ಕನ್ನಡಿಯಲ್ಲಿ ನೋಡಿಕೊಂಡು ಕೊರೆಯಲಿ. ಆಮೇಲೆ ಸಿಂಧೂ ಕಣಿವೆಯ ಕಲ್ಲಿನ ಮುದ್ರೆಗಳ ಚಿತ್ರ ತೋರಿಸಿ, ಆ ಲಿಪಿಯನ್ನು ಇವತ್ತಿಗೂ ಯಾರೂ ಎಲ್ಲರೂ ಒಪ್ಪುವಂತೆ ಓದಿಲ್ಲ ಎಂದು ತಿಳಿಸಿ. ಓದುವುದಾದರೆ ಎಲ್ಲಿಂದ ಶುರುಮಾಡುತ್ತೀ ಎಂದು ಕೇಳಿ, ಅದು ಹೇಳುವುದನ್ನು ಬರೆದಿಟ್ಟುಕೊಳ್ಳಿ.